ಹೆಗಲ ಮೇಲಿನ ಕೈ: ಹುಡುಗರ ಗೆಳೆತನ ಮತ್ತು ಗಂಡಸುತನದ ಕಲ್ಪನೆ

ಹುಡುಗರು ಬೆಳೆದಂತೆ ಗೆಳೆಯರೊಂದಿಗಿನ ಸಲಿಗೆ, ಮುದ್ದು, ಗುಟ್ಟು ಹೇಳಿಕೊಳ್ಳುವ ರೂಢಿ ತಾನಾಗಿ ಕಳಚಿಹೋಗುತ್ತದೆ ಎಂಬುದು ಬಹುಜನರ ನಂಬಿಕೆ. ಅದಕ್ಕೆ ಆಧಾರ ಸಾಲದು. ಮೀಸೆ ಮೂಡುವ ವಯಸ್ಸಿನಲ್ಲಿ ಹುಡುಗರು ಈ ಸಲಿಗೆಯನ್ನು ಬಿಟ್ಟುಕೊಡುವುದು ಸುತ್ತಲಿನವರ ಕಣ್ಣಿಗೆ ಅಂಜಿ ಎಂಬುದು ಈ ಲೇಖನದ ವಾದ. ನ್ಯೂಯಾರ್ಕ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ನಿಯೋಬಿ ವೇ ಅವರ ‘ಡೀಪ್ ಸೀಕ್ರೆಟ್ಸ್’ (2011) ಇದಕ್ಕೆ ಮುಖ್ಯ ಸಾಕ್ಷ್ಯ. ಅಮೆರಿಕದ ನಗರಗಳ ಶಾಲೆಗಳಲ್ಲಿ ಕಪ್ಪು, ಲ್ಯಾಟಿನೋ, ಏಷ್ಯನ್, ಬಿಳಿಯ ಹುಡುಗರನ್ನು ಅವರು ವರ್ಷ ವರ್ಷವೂ ಮಾತಾಡಿಸಿದರು. 13-14ರ ಹುಡುಗರು ಗೆಳೆಯನನ್ನು ಪ್ರೀತಿಸುತ್ತೇವೆ ಎಂದು ಹಿಂಜರಿಯದೆ ಹೇಳುತ್ತಿದ್ದರು; ಅವನಿಲ್ಲದಿದ್ದರೆ ತಲೆ ಕೆಟ್ಟುಹೋದೀತು ಎನ್ನುತ್ತಿದ್ದರು. ಮನೆಯ ಗುಟ್ಟನ್ನು ಒಬ್ಬನ ಬಳಿ ಇಟ್ಟು ನಿಶ್ಚಿಂತೆಯಾಗಿರುವುದೇ ಅವರಿಗೆ ಗೆಳೆತನದ ಹುರುಳು. 16-17 ದಾಟುವ ಹೊತ್ತಿಗೆ ಅವರಲ್ಲೇ ಹೆಚ್ಚಿನವರ ಮಾತು ಬದಲಾಯಿತು: ಬಿಡುವಿಲ್ಲ, ಯಾರನ್ನೂ ನಂಬುವಂತಿಲ್ಲ, ಗೆಳೆಯರಿದ್ದರೂ ನಡೆಯುತ್ತದೆ, ಇಲ್ಲದಿದ್ದರೂ ನಡೆಯುತ್ತದೆ. ಗೆಳೆಯನ ಬಗ್ಗೆ ಒಂದು ಅಕ್ಕರೆಯ ಮಾತು ಬಂದರೆ ಬೆನ್ನಿಗೇ ‘ನೋ ಹೋಮೋ’ (ನಾನು ಸಲಿಂಗಪ್ರೇಮಿಯಲ್ಲ) ಎಂಬ ಸಮಜಾಯಿಷಿ. ಆಸೆ ಮಾತ್ರ ಬತ್ತಿರಲಿಲ್ಲ. ದೂರವಾದ ಗೆಳೆಯನನ್ನು ನೆನೆದು ಹಲವರು ದುಃಖಪಟ್ಟರು. ಬೇಡವೆಂದು ಬಿಟ್ಟವರು ಹೀಗೆ ಹಂಬಲಿಸುವುದಿಲ್ಲ.

ಇದು ಪ್ರಾಯದ ಸಹಜ ಧರ್ಮ, ಮನಸ್ಸು ಹೆಣ್ಣಿನ ಕಡೆ ತಿರುಗುವ ಕಾಲ ಎಂದು ಆಕ್ಷೇಪಿಸಬಹುದು. ಹಾಗಿದ್ದರೆ ಎಲ್ಲ ಕಾಲದಲ್ಲೂ ಇದೇ ವಯಸ್ಸಿನಲ್ಲಿ ಹೀಗಾಗಬೇಕಿತ್ತು. 19ನೆಯ ಶತಮಾನದ ಅಮೆರಿಕದ ಮಧ್ಯಮವರ್ಗದಲ್ಲಿ ಗೆಳೆತನ ಅತ್ಯಂತ ಗಾಢವಾಗುತ್ತಿದ್ದುದೇ ಮದುವೆಗೆ ಮುಂಚಿನ ಈ ವರ್ಷಗಳಲ್ಲಿ ಎಂದು ಇತಿಹಾಸಕಾರ ಆಂಥೊನಿ ರೊಟುಂಡೊ ತೋರಿಸಿದ್ದಾರೆ. 1801ರಲ್ಲಿ ಡಾರ್ಟ್‌ಮತ್ ಕಾಲೇಜಿನ ಓದು ಮುಗಿಸಿದ ಡೇನಿಯಲ್ ವೆಬ್‌ಸ್ಟರ್ ತನ್ನ ಗೆಳೆಯ ಬಿಂಗ್‌ಹಮ್‌ನನ್ನು ಪತ್ರಗಳಲ್ಲಿ ಕರೆಯುತ್ತಿದ್ದ ರೀತಿ ಪ್ರೇಮಪತ್ರದ್ದೇ. ಮುಂದೆ ಸೆನೆಟರ್, ವಿದೇಶಾಂಗ ಮಂತ್ರಿ ಆಗಲು ಅದು ಅಡ್ಡಬರಲಿಲ್ಲ. ಜಾನ್ ಇಬ್ಸನ್ ‘ಪಿಕ್ಚರಿಂಗ್ ಮೆನ್’ (2002) ಗ್ರಂಥಕ್ಕಾಗಿ ಸಾವಿರಾರು ಹಳೆಯ ಫೋಟೋಗಳನ್ನು ಪರಿಶೀಲಿಸಿದರು. 20ನೆಯ ಶತಮಾನದ ಆರಂಭದ ಆಟದ ತಂಡಗಳಲ್ಲಿ ಹುಡುಗರು ಒಬ್ಬರಿಗೊಬ್ಬರು ಒರಗಿ, ಹೆಗಲು ಬಳಸಿ ಕೂತಿದ್ದಾರೆ. 1950ರ ದಶಕಕ್ಕೆ ಬಂದರೆ ಕೈಗಳು ಅವರವರ ಎದೆಗೇ ಕಟ್ಟಿಕೊಂಡಿವೆ, ನಡುವೆ ಅಂತರ ಬಿದ್ದಿದೆ. ಫೋಟೋದ ಭಂಗಿ ಮನಸ್ಸಿನ ಕನ್ನಡಿಯಲ್ಲ, ನಿಜ. ಯಾವ ಭಂಗಿಗೆ ಆಗ ನಾಚಿಕೆಪಡಬೇಕಿರಲಿಲ್ಲ ಎಂಬುದನ್ನಾದರೂ ಅದು ಹೇಳುತ್ತದೆ. ಅರ್ಧ ಶತಮಾನದಲ್ಲಿ ಹುಡುಗರ ಮೈಯ ರಸಾಯನ ಬದಲಾಗುವುದಿಲ್ಲ.

ಬದಲಾದದ್ದು ನೋಡುವವರ ದೃಷ್ಟಿ. 1869ರಲ್ಲಿ ಕೆರ್ಟ್‌ಬೆನಿ ಎಂಬ ಲೇಖಕ ಜರ್ಮನ್ ಕರಪತ್ರದಲ್ಲಿ ‘ಹೋಮೋಸೆಕ್ಷುಯಲ್’ ಪದ ಬಳಸಿದ್ದು ಕಾನೂನಿನ ಶಿಕ್ಷೆಯನ್ನು ವಿರೋಧಿಸಲು. ವೈದ್ಯರು ಅದನ್ನು ರೋಗದ ಹೆಸರಾಗಿಸಿದರು. ಸಲಿಂಗಪ್ರೇಮಕ್ಕಾಗಿ 1895ರಲ್ಲಿ ನಡೆದ ಲೇಖಕ ಆಸ್ಕರ್ ವೈಲ್ಡ್ ವಿಚಾರಣೆ ಪತ್ರಿಕೆಗಳ ಮೂಲಕ ಶಂಕೆಯನ್ನು ಮನೆಮನೆಗೆ ತಲುಪಿಸಿತು. ಹಾಗಾದರೆ ಸಲಿಂಗಪ್ರೇಮಿಗಳು ಬಯಲಿಗೆ ಬಂದದ್ದರಿಂದಲೇ ಹುಡುಗರ ಗೆಳೆತನ ಕೆಟ್ಟಿತೆ? ಹಾಗೆನ್ನುವವರಿದ್ದಾರೆ, ಅದು ತಪ್ಪು, ಅನ್ಯಾಯವೂ ಹೌದು. ಇಂಗ್ಲೆಂಡಿನ ಮೂರು ವಿದ್ಯಾಸಂಸ್ಥೆಗಳ ಹುಡುಗರ ನಡುವೆ ಸಮಾಜಶಾಸ್ತ್ರಜ್ಞ ಮಾರ್ಕ್ ಮೆಕಾರ್ಮಕ್ ನಡೆಸಿ 2012ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಸಲಿಂಗಪ್ರೇಮಿ ಸಹಪಾಠಿಗಳನ್ನು ಹೀಗಳೆಯದ ಕಡೆ ಉಳಿದ ಹುಡುಗರೂ ಅಳುಕಿಲ್ಲದೆ ಅಪ್ಪಿಕೊಳ್ಳುತ್ತಿದ್ದರು.

ಇದೆಲ್ಲ ಪಶ್ಚಿಮದ ಮಾತು, ನಮ್ಮಲ್ಲಿ ಹುಡುಗರು ಈಗಲೂ ಹೆಗಲ ಮೇಲೆ ಕೈ ಹಾಕಿಕೊಂಡೇ ಓಡಾಡುತ್ತಾರಲ್ಲ ಎಂಬ ಆಕ್ಷೇಪಕ್ಕೆ ತೂಕವಿದೆ. ಕರ್ಣನ ಹೆಣದ ಮುಂದೆ ದುರ್ಯೋಧನನನ್ನು ಗೋಳಾಡಿಸಿದ ರನ್ನ, ಅದರಿಂದ ಅವನ ವೀರತನಕ್ಕೆ ಊನ ಬಂತೆಂದು ಎಣಿಸಲಿಲ್ಲ. ಸೈಕಲ್ ಕ್ಯಾರಿಯರ್ ಮೇಲೆ ಕೂತು ಮುಂದಿನವನ ಬೆನ್ನಿಗೆ ತಲೆಯಾನಿಸಿದ ಹೈಸ್ಕೂಲು ಹುಡುಗನನ್ನು ನಮ್ಮ ಊರುಗಳಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಅದೇ ಹುಡುಗ ಅತ್ತರೆ ‘ಗಂಡಸಾಗಿ ಅಳ್ತೀಯೇನೋ’ ಎನ್ನುವವರು ಮನೆಯಲ್ಲೇ ಇರುತ್ತಾರೆ. ‘ಹೆಣ್ಣಿಗ’ ಎಂಬ ಬೈಗುಳ ಶಾಲೆಯ ಅಂಗಳದಲ್ಲೇ ಕಿವಿಗೆ ಬೀಳುತ್ತದೆ. ಮೈಸಲಿಗೆಗೆ ಅಡ್ಡಿಯಿಲ್ಲವೆಂದ ಮಾತ್ರಕ್ಕೆ ಮನಸ್ಸು ಬಿಚ್ಚುವುದಕ್ಕೂ ಅಡ್ಡಿಯಿಲ್ಲ ಎನ್ನಲಾಗದು, ಮತ್ತು ವೇ ಕಿವಿಗೊಟ್ಟದ್ದು ಈ ಎರಡನೆಯದಕ್ಕೆ. ಕನ್ನಡದ ಹುಡುಗರ ಬಗ್ಗೆ ಕೇಳಬೇಕಾದದ್ದೂ ಅದೇ: ರಾತ್ರಿ ಅಪ್ಪ ಹೊಡೆದದ್ದನ್ನು ಎಂಟನೇ ಕ್ಲಾಸಿನಲ್ಲಿ ಗೆಳೆಯನ ಹತ್ತಿರ ಹೇಳಿಕೊಂಡು ಅತ್ತವನು, ಪಿಯುಸಿಗೆ ಬಂದ ಮೇಲೂ ಅವನ ಹತ್ತಿರ ಹೇಳಿಕೊಳ್ಳುತ್ತಾನೆಯೇ?