ಜ್ವಾಲಾಮುಖಿಯ ಬೂದಿ: ಅಸ್ತಮಾ ಇರುವವರು ತಿಳಿದಿರಬೇಕಾದದ್ದು

2025ರ ನವೆಂಬರ್‌ನಲ್ಲಿ ಇಥಿಯೋಪಿಯಾದ ಹೈಲಿ ಗುಬ್ಬಿ ಜ್ವಾಲಾಮುಖಿ ಸ್ಫೋಟಿಸಿದಾಗ ಅದರ ಬೂದಿಮೋಡ ದೆಹಲಿಯ ಆಕಾಶದವರೆಗೂ ಬಂದಿತ್ತು. ಬಹಳ ಎತ್ತರದಲ್ಲಿ ಸಾಗಿದ್ದರಿಂದ ತೊಂದರೆಯಾದದ್ದು ಮುಖ್ಯವಾಗಿ ವಿಮಾನಗಳಿಗೆ. ಆದರೆ ಬಾಲಿಯಂಥ ಕಡೆಗೆ ನೀವು ಪ್ರವಾಸ ಹೊರಟಿದ್ದರೆ ಮಾತು ಬೇರೆ.

ಭೂಮಿಯೊಳಗಿನ ಕರಗಿದ ಶಿಲಾಪಾಕ ಸುತ್ತಲಿನ ಬಂಡೆಗಿಂತ ಹಗುರವಾದ್ದರಿಂದ ಮೇಲೇರುತ್ತದೆ. ಮೇಲೆ ಬಂದಂತೆ ಒತ್ತಡ ಇಳಿದು, ಅದರಲ್ಲಿದ್ದ ಅನಿಲಗಳು ಸೋಡಾ ಬಾಟಲಿ ತೆರೆದಾಗಿನಂತೆ ಉಕ್ಕುತ್ತವೆ. ಪಾಕ ಗಟ್ಟಿಯಾಗಿ, ಅನಿಲ ಹೆಚ್ಚಿದ್ದರೆ ಸ್ಫೋಟ ಜೋರು.

ಲಾವಾ ನೋಡಲು ಭಯಂಕರ, ಆದರೆ ಹೆಚ್ಚಿನ ವೇಳೆ ಅದು ನಿಧಾನವಾಗಿ ಹರಿಯುತ್ತದೆ. ದೂರದವರನ್ನೂ ಕಾಡುವುದು ಬೂದಿ. ಇದು ಒಲೆಯ ಬೂದಿಯಂತೆ ಮೆತ್ತಗಿನದಲ್ಲ; ಪುಡಿಯಾದ ಬಂಡೆ, ಗಾಜು. 1980ರಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಸ್ಫೋಟದಲ್ಲಿ ಸತ್ತ 57 ಮಂದಿಯಲ್ಲಿ ಹಲವರು ಬೂದಿಯಿಂದ ಉಸಿರುಕಟ್ಟಿಯೇ ಸತ್ತರು. ಜೊತೆಗೆ ಬರುವ ಸಲ್ಫರ್ ಡೈಆಕ್ಸೈಡ್ ಅಸ್ತಮಾವನ್ನು ಕೆರಳಿಸುತ್ತದೆ.

ಬೂದಿ ಬೀಳುವಾಗ ಕಿಟಕಿ ಮುಚ್ಚಿ ಒಳಗೇ ಇರಿ. ಹೊರಹೋಗಲೇಬೇಕಾದರೆ ಮುಖಕ್ಕೆ ಬಿಗಿಯಾಗಿ ಕೂರುವ ಎನ್95 ಮಾಸ್ಕ್ ಹಾಕಿ; ಅದು ಬೂದಿ ತಡೆದೀತು, ಅನಿಲವನ್ನಲ್ಲ. ಕಾಂಟ್ಯಾಕ್ಟ್ ಲೆನ್ಸ್ ತೆಗೆದಿಡಿ, ಕಣ್ಣುಜ್ಜಬೇಡಿ. ಗುಡಿಸುವ ಮೊದಲು ಸ್ವಲ್ಪ ನೀರು ಚಿಮುಕಿಸಿ.

ವಿಮಾನ ರದ್ದಾಗಿ ದಿನಗಟ್ಟಲೆ ಸಿಕ್ಕಿಕೊಳ್ಳಬಹುದು. ಹಾಗಾಗಿ ಇನ್‌ಹೇಲರ್ ಮತ್ತು ಒಂದು ವಾರದ ಹೆಚ್ಚುವರಿ ಔಷಧ ಕೈಚೀಲದಲ್ಲೇ ಇರಲಿ. ಇನ್‌ಹೇಲರ್ ಬಳಸಿದ ಮೇಲೂ ಪೂರ್ತಿ ವಾಕ್ಯ ಆಡಲಾಗದಷ್ಟು ಏದುಸಿರಿದ್ದರೆ, ತುಟಿ ನೀಲಿಗಟ್ಟಿದರೆ, ತಡಮಾಡದೆ ಆಸ್ಪತ್ರೆಗೆ ಕರೆದೊಯ್ಯಿರಿ.