ನಮ್ಮ ಮಕ್ಕಳೂ ನಮ್ಮ ಹಾಡೂ

ಮುಂಬಯಿ ಕನ್ನಡಿಗರ ಸಂಗೀತ ಯಾವುದು ಎಂದು ಯಾರಾದರೂ ಕೇಳಿದರೆ ಒಂದೇ ಮಾತಿನಲ್ಲಿ ಉತ್ತರಿಸುವುದು ಕಷ್ಟ. ನಾವು ಈ ನಗರಕ್ಕೆ ಒಂದೇ ದಾರಿಯಿಂದ ಬಂದವರಲ್ಲವಷ್ಟೆ. 1956ರ ರಾಜ್ಯ ಪುನರ್ವಿಂಗಡಣೆಯವರೆಗೆ ಧಾರವಾಡ, ಬೆಳಗಾವಿ, ವಿಜಾಪುರ, ಉತ್ತರ ಕನ್ನಡ ಜಿಲ್ಲೆಗಳು ಮುಂಬಯಿ ಪ್ರಾಂತಕ್ಕೇ ಸೇರಿದ್ದವು. ಅಲ್ಲಿಯವರಿಗೆ ಮುಂಬಯಿ ಪರಸ್ಥಳವಾಗಿರಲಿಲ್ಲ, ತಮ್ಮದೇ ರಾಜಧಾನಿಯಾಗಿತ್ತು. ದಕ್ಷಿಣ ಕನ್ನಡ ಮದರಾಸಿನ ಆಡಳಿತದಲ್ಲಿತ್ತು. ಮೈಸೂರು ಅರಸರ ಸೀಮೆ.

ಹೀಗಾಗಿ ಹಾಡೂ ಮೂರು ಬಗೆಯಾಗಿ ಬಂದಿತು. ಉತ್ತರದ ಜಿಲ್ಲೆಯವರು ಹಿಂದುಸ್ತಾನಿ ಗಾಯನವನ್ನೂ, ಕರಾವಳಿಯವರು ಯಕ್ಷಗಾನ, ಭಜನೆಗಳನ್ನೂ, ಹಳೆ ಮೈಸೂರಿನವರು ಕರ್ನಾಟಕ ಸಂಗೀತವನ್ನೂ ತಂದರು. 1926ರಲ್ಲಿ ಮೈಸೂರು ಅಸೋಸಿಯೇಶನ್, 1933ರಲ್ಲಿ ಕರ್ನಾಟಕ ಸಂಘ ಹುಟ್ಟಿ ಈ ಮೂರೂ ಕಡೆಯವರು ಒಂದೇ ಚಾಪೆಯ ಮೇಲೆ ಕೂರುವ ಅವಕಾಶ ಒದಗಿತು. 1952ರಲ್ಲಿ ಹುಟ್ಟಿದ ಷಣ್ಮುಖಾನಂದ ಸಭೆಯ ದೊಡ್ಡ ಸಭಾಗೃಹ 1963ರಲ್ಲಿ ತೆರೆದ ಮೇಲಂತೂ ಮಾಟುಂಗಾ, ಸಯನ್ ಭಾಗದವರಿಗೆ ಸುಗ್ಗಿಯೇ.

ನಾವು ಈ ನಗರದಿಂದ ಪಡೆದದ್ದಷ್ಟೇ ಅಲ್ಲ, ಕೊಟ್ಟದ್ದೂ ಉಂಟು. ಕುಂದಗೋಳದ ಸವಾಯಿ ಗಂಧರ್ವರು ಮುಂಬಯಿಯ ಪಾರ್ಸಿ ಗಾಯಕ ಫಿರೋಜ್ ದಸ್ತೂರರಿಗೆ ವಿದ್ಯೆ ಕಲಿಸಿದರು. ಬೈಲಹೊಂಗಲದ ಕೆ. ಜಿ. ಗಿಂಡೆಯವರು ಸಯನ್ನಿನ ವಲ್ಲಭ ಸಂಗೀತಾಲಯದಲ್ಲಿ ಪಾಠ ಹೇಳಿದರು. ಬೆಳಗಾವಿ ಬಳಿಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಎಳೆಯ ಹುಡುಗನಾಗಿ ಬಂದು ಬಿ. ಆರ್. ದೇವಧರರ ಸಂಗೀತ ಶಾಲೆ ಸೇರಿದರು. ಇವರು ಹಾಡಿದ ಖ್ಯಾಲಿನ ಚೀಜುಗಳು ಬಹುಮಟ್ಟಿಗೆ ವ್ರಜಭಾಷೆಯವು. ರಾಗ ಕೇಳಲು ಕುಳಿತವರಿಗೆ ಗಾಯಕನ ಮನೆಮಾತು ಒಂದು ಪ್ರಶ್ನೆಯೇ ಆಗಲಿಲ್ಲ.

ಆದರೆ ಇವರೆಲ್ಲ ಊರಿನ ಮಾತನ್ನು ನಾಲಗೆಯ ಮೇಲೆ ಇಟ್ಟುಕೊಂಡೇ ಬಂದವರು. ಇಲ್ಲೇ ಬೆಳೆದ ಮಕ್ಕಳ ಸಂಗತಿ ಬೇರೆ. ಸುಮನ್ ಕಲ್ಯಾಣಪುರ ಅವರನ್ನೇ ನೋಡೋಣ. ಕುಂದಾಪುರ ಕಡೆಯ ಹೆಮ್ಮಾಡಿ ಮನೆತನ. ಹುಟ್ಟಿದ್ದು 1937ರಲ್ಲಿ ಢಾಕಾದಲ್ಲಿ. 1943ರಲ್ಲಿ ಕುಟುಂಬ ಮುಂಬಯಿಗೆ ಬಂತು. ಹೆಸರು ಬಂದದ್ದು ಹಿಂದಿ, ಮರಾಠಿ ಹಾಡುಗಳಿಂದ. ಅವರ ಮರಾಠಿ ಭಾವಗೀತೆ ಕೇಳಿದವರು ಅವರ ಮೂಲ ಊರನ್ನು ಊಹಿಸಲಾರರು. ನಗರ ಬಾಚಿ ತಬ್ಬಿಕೊಳ್ಳುತ್ತದೆ. ತಬ್ಬಿಕೊಂಡು ತನ್ನವರನ್ನಾಗಿ ಮಾಡಿಬಿಡುತ್ತದೆ.

ಇಂದು ನಮ್ಮ ಮನೆಗಳಲ್ಲಿ ನಡೆಯುತ್ತಿರುವುದೂ ಅದೇ. ಕನ್ನಡ ಶಾಲೆಗಳು ಕಡಿಮೆಯಾಗುತ್ತ ಬಂದಿವೆ. ಡೊಂಬಿವಲಿಯಿಂದ ಬೊರಿವಲಿಯವರೆಗೆ ಯಾವ ಭಜನೆಗೆ ಹೋದರೂ ದಾಸರ ಪದಗಳನ್ನು ದೇವನಾಗರಿಯಲ್ಲಿ ಬರೆದುಕೊಂಡು ಹಾಡುವ ಮಕ್ಕಳು ಸಿಗುತ್ತಾರೆ. ಶ್ರುತಿ ಶುದ್ಧ, ತಾಳ ಗಟ್ಟಿ. ಆದರೆ ಮರಾಠಿ ಬರವಣಿಗೆಯಲ್ಲಿ ಹ್ರಸ್ವ ಎ, ಒ ಇಲ್ಲದ್ದರಿಂದ ‘ಎಲೆ’ ‘ಏಲೇ’ ಆಗುತ್ತದೆ.

ಹಾಡುತ್ತಾರಲ್ಲ, ಸಾಕು ಎನ್ನುವವರಿದ್ದಾರೆ. ಅಕ್ಷರ ಬಾರದೆ ಹಾಡಿ ಏನು ಫಲ ಎನ್ನುವವರೂ ಇದ್ದಾರೆ. ನಮಗೆ ತೋರುವುದಿಷ್ಟು: ಖ್ಯಾಲಿಗೆ ಸ್ವರವೇ ಪ್ರಾಣ, ಮಾತು ನೆಪ. ದಾಸರ ಪದಕ್ಕೂ ಯಕ್ಷಗಾನದ ಪ್ರಸಂಗಕ್ಕೂ ಮಾತೇ ಪ್ರಾಣ. ಪುರಂದರದಾಸರು ಜನರನ್ನು ಗದರಿಸಿದ್ದು, ನಗಿಸಿದ್ದು, ಎಚ್ಚರಿಸಿದ್ದು ಅರ್ಥದಿಂದ. ಅರ್ಥ ಬಿಟ್ಟು ಹಾಡಿದರೆ ಉಳಿಯುವುದು ಧಾಟಿ ಮಾತ್ರ. ಆದರೆ ಧಾಟಿ ಉಳಿದ ಕಡೆ ಅರ್ಥವನ್ನು ಮರಳಿ ತರಬಹುದು. ಎರಡೂ ಹೋದ ಕಡೆ ಯಾರೂ ಏನೂ ಮಾಡಲಾಗದು. ಆದ್ದರಿಂದ ದೇವನಾಗರಿ ಪುಸ್ತಕ ಹಿಡಿದ ಮಗುವನ್ನು ಜರೆಯುವುದು ಸಲ್ಲದು.

ಇದಕ್ಕೆ ದೊಡ್ಡ ನಿಧಿಯೇನೂ ಬೇಡ. ಪ್ರತಿ ಭಜನೆಯ ಕೊನೆಗೆ ಒಂದು ಪದವನ್ನು ಎತ್ತಿಕೊಂಡು ಹತ್ತು ನಿಮಿಷ ಅದರ ಅರ್ಥ ಹೇಳಲಿ. ನಾಗರಿ ಸಾಲಿನ ಕೆಳಗೆ ಕನ್ನಡದ ಸಾಲನ್ನೂ ಬರೆಸಲಿ. ಬಾಯಿಪಾಠವಾದ ಹಾಡನ್ನು ಓದುವುದು ಹೊಸ ಪಾಠ ಓದುವುದಕ್ಕಿಂತ ಎಷ್ಟೋ ಸುಲಭ. ಮಕ್ಕಳು ಅಕ್ಷರವನ್ನು ಹಾಡಿನಿಂದಲೇ ಗುರುತು ಹಿಡಿದಾರು. ಅರ್ಥ ಬಲ್ಲ ಹಿರಿಯರು ನಮ್ಮ ನಡುವೆ ಇರುವಾಗಲೇ ಈ ಕೆಲಸ ಆಗಬೇಕು.