ಬೇಲಿ ಇಲ್ಲದ ಆಕಾಶ: ಕ್ರೀಡಾ ಪ್ರಸಾರದ ಹಕ್ಕು ಹೊರದೇಶಗಳಿಗೆ ಮಾರಾಟವಾದ ಚರಿತ್ರೆ, ಮೈಸೂರಿನಿಂದ ನೋಡಿದಂತೆ

ಸಾರಾಂಶ

ಪಂದ್ಯವನ್ನು ನೋಡದಂತೆ ತಡೆಯಬಲ್ಲವರು ಮಾತ್ರ ಅದನ್ನು ತೋರಿಸುವ ಹಕ್ಕನ್ನು ಮಾರಬಲ್ಲರು. ಈ ಲೇಖನದ ವಾದ ಇಷ್ಟೇ. ವೃತ್ತಿಪರ ರಗ್ಬಿಯೂ ಭಾರತದ ಕ್ರಿಕೆಟ್ಟೂ ತಮ್ಮ ಪ್ರಸಾರದ ಹಕ್ಕನ್ನು ಹೊರದೇಶಗಳಿಗೆ ಮಾರಲು ಕಲಿತದ್ದು ಹೆಚ್ಚುಕಡಿಮೆ ಒಂದೇ ಕಾಲದಲ್ಲಿ, 1991ರಿಂದ 1996ರ ನಡುವೆ. ಎರಡು ಕಥೆಗಳನ್ನೂ ಅಕ್ಕಪಕ್ಕ ಇಟ್ಟು, 1935ರಲ್ಲಿ ಮೈಸೂರಿನಲ್ಲಿ ಶುರುವಾದ ಬೇಲಿಯಿಲ್ಲದ ಪ್ರಸಾರವನ್ನು ಅಳತೆಗೋಲಾಗಿ ಇಟ್ಟುಕೊಂಡು ಇಲ್ಲಿ ಪರಿಶೀಲಿಸಲಾಗಿದೆ.

1. ವಿಠಲ ವಿಹಾರದ ಮೂವತ್ತು ವ್ಯಾಟ್

ಮಹಾರಾಜ ಕಾಲೇಜಿನಲ್ಲಿ ಮನೋವಿಜ್ಞಾನದ ಪ್ರಾಧ್ಯಾಪಕರಾಗಿದ್ದ ಎಂ.ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು ತಮ್ಮ ಮನೆ 'ವಿಠಲ ವಿಹಾರ'ದಿಂದ ಬಾನುಲಿ ಪ್ರಸಾರ ಆರಂಭಿಸಿದರು. ಇದ್ದದ್ದು 30 ವ್ಯಾಟ್‌ನ ಪುಟ್ಟ ಪ್ರೇಷಕ. ಮುಂದೆ 250 ವ್ಯಾಟ್‌ನದು ಬಂತು. ಈ ಬಾನುಲಿ ಕೇಂದ್ರಕ್ಕಿಟ್ಟ ಹೆಸರು 'ಆಕಾಶವಾಣಿ'. 1942ರಲ್ಲಿ ಸಂಸ್ಥಾನದ ಸರ್ಕಾರ ಇದನ್ನು ವಹಿಸಿಕೊಂಡಿತು, 1950ರಲ್ಲಿ ಅದು ಭಾರತ ಸರ್ಕಾರದ ಕೈಸೇರಿತು, 1955ರಲ್ಲಿ ಬೆಂಗಳೂರಿಗೆ ಹೋಯಿತು. ಹೆಸರು ಮಾತ್ರ ಇಡೀ ದೇಶದ್ದಾಯಿತು.

ನಮ್ಮ ವಿಷಯಕ್ಕೆ ಈ ಘಟನೆಯಿಂದ ಬೇಕಾದದ್ದು ಒಂದೇ ಅಂಶ. ವಿಠಲ ವಿಹಾರದಿಂದ ಹೊರಟ ದನಿ ತನ್ನ ಶಕ್ತಿ ಇದ್ದಷ್ಟು ದೂರ ಹೋಗುತ್ತಿತ್ತು. ರೇಡಿಯೊ ಇದ್ದವರೆಲ್ಲ ಕೇಳುತ್ತಿದ್ದರು. ಹಾಡಿದವರ ದನಿ ಯಾವ ಊರಿನಲ್ಲಿ ಕೇಳಬೇಕು, ಯಾವ ಊರಿನಲ್ಲಿ ಕೇಳಬಾರದು ಎಂದು ಯಾರೂ ಕರಾರು ಬರೆದುಕೊಂಡಿರಲಿಲ್ಲ. ಎಲ್ಲೆ ಹಾಕುತ್ತಿದ್ದದ್ದು ಭೌತಶಾಸ್ತ್ರ, ಕಾನೂನಲ್ಲ. ಪ್ರಸಾರದ ಹಕ್ಕಿನ ವ್ಯಾಪಾರ ಹುಟ್ಟಬೇಕಾದರೆ ಈ ಸ್ಥಿತಿ ತಿರುಗುಮುರುಗಾಗಬೇಕಿತ್ತು.

2. ನೋಟಕ್ಕೆ ಒಡೆಯರಿಲ್ಲ

ಬ್ರಿಟನ್ನಿನಲ್ಲಿ ಬಿಬಿಸಿ ಮೊದಲ ಬಾರಿಗೆ ಆಟವೊಂದರ ನೇರ ವೀಕ್ಷಕ ವಿವರಣೆಯನ್ನು ಬಿತ್ತರಿಸಿದ್ದು 1927ರ ಜನವರಿ 15ರಂದು, ಟ್ವಿಕನ್‌ಹ್ಯಾಮ್ ಮೈದಾನದಿಂದ. ಆಡುತ್ತಿದ್ದದ್ದು ಇಂಗ್ಲೆಂಡ್ ಮತ್ತು ವೇಲ್ಸ್, ಆಟ ರಗ್ಬಿ. ವಿವರಣೆ ಕೊಟ್ಟವರು ಟೆಡ್ಡಿ ವೇಕ್‌ಲ್ಯಾಮ್. ಮೈದಾನವನ್ನು ಚೌಕಗಳಾಗಿ ವಿಂಗಡಿಸಿ ಸಂಖ್ಯೆ ಹಾಕಿದ ನಕ್ಷೆಯನ್ನು 'ರೇಡಿಯೊ ಟೈಮ್ಸ್' ಪತ್ರಿಕೆ ಮೊದಲೇ ಅಚ್ಚು ಹಾಕಿತ್ತು. ಚೆಂಡು ಯಾವ ಚೌಕದಲ್ಲಿದೆ ಎಂಬುದನ್ನು ಕೇಳುಗರು ಅದರ ಮೇಲೆ ಬೆರಳಿಟ್ಟು ಹಿಂಬಾಲಿಸಬಹುದಿತ್ತು.

ಹತ್ತು ವರ್ಷಗಳ ನಂತರ, 1937ರಲ್ಲಿ, ಆಸ್ಟ್ರೇಲಿಯದ ಹೈಕೋರ್ಟಿನಲ್ಲಿ ವಿಕ್ಟೋರಿಯಾ ಪಾರ್ಕ್ ಮೊಕದ್ದಮೆ ತೀರ್ಮಾನವಾಯಿತು. ಸಿಡ್ನಿಯ ಕುದುರೆ ಪಂದ್ಯದ ಮೈದಾನಕ್ಕೆ ಹೊಂದಿಕೊಂಡ ಜಮೀನಿನ ಒಡೆಯ ಟೇಲರ್ ತನ್ನ ಜಾಗದಲ್ಲಿ ಅಟ್ಟಣೆ ಕಟ್ಟಲು ಬಿಟ್ಟಿದ್ದ. ಅದರ ಮೇಲೆ ನಿಂತವರು ಪಂದ್ಯ ನೋಡಿ ರೇಡಿಯೊದಲ್ಲಿ ವರ್ಣಿಸುತ್ತಿದ್ದರು. ಟಿಕೆಟ್ಟಿನ ಆದಾಯ ಹೋಯಿತೆಂದು ಮೈದಾನದವರು ಕೋರ್ಟಿಗೆ ಹೋದರು. ನ್ಯಾಯಾಧೀಶರ ಬಹುಮತದ ತೀರ್ಪು: ಒಂದು ನೋಟದಲ್ಲಿ ಯಾರಿಗೂ ಆಸ್ತಿಯ ಹಕ್ಕಿಲ್ಲ, ಬೇಕಾದರೆ ಬೇಲಿಯನ್ನು ಎತ್ತರಿಸಿಕೊಳ್ಳಲಿ.

ಇಂದಿನ ವ್ಯಾಪಾರದ ತಳಪಾಯ ಈ ತೀರ್ಪಿನ ಹಿಮ್ಮುಖದಲ್ಲಿದೆ. ಸಂಘಟಕರು ಮಾರುವುದು ಕ್ಯಾಮೆರಾ ಹಿಡಿದು ಗೇಟಿನೊಳಗೆ ಬರುವ ಅನುಮತಿಯನ್ನು. ಹಾಗೆ ಒಳಬಂದು ತಯಾರಿಸಿದ ಪ್ರಸಾರಕ್ಕೆ ಆಮೇಲೆ ಕಾನೂನಿನ ರಕ್ಷಣೆ ಸಿಗುತ್ತದೆ; ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 37ನೇ ಕಲಮು ಪ್ರಸಾರ ಸಂಸ್ಥೆಗೆ 25 ವರ್ಷಗಳ ಹಕ್ಕು ಕೊಡುತ್ತದೆ. ಮೊದಲು ಗೇಟು, ನಂತರ ಕರಾರು, ಕೊನೆಗೆ ಕಾಯ್ದೆ. ಬೇಲಿ ಎದ್ದದ್ದು ಈ ಕ್ರಮದಲ್ಲಿ.

3. ಗಿರಾಕಿ ಬಂದ ಮೇಲೆ ಗೊತ್ತಾದ ಆಸ್ತಿ

ಭಾರತದಲ್ಲಿ ಗೇಟು ಕ್ರಿಕೆಟ್ ಮಂಡಳಿಯದು, ಆಕಾಶ ಸರ್ಕಾರದ್ದು. 1885ರ ಟೆಲಿಗ್ರಾಫ್ ಕಾಯ್ದೆ ಅದನ್ನು ಸರ್ಕಾರಕ್ಕೇ ಕಾದಿರಿಸಿತ್ತು. ದೂರದರ್ಶನ ಬಂದು ಪಂದ್ಯ ತೋರಿಸಿದರೆ ಅದೊಂದು ಉಪಕಾರ ಎಂಬಂತಿತ್ತು ಲೆಕ್ಕ. 1991ರ ನವೆಂಬರ್‌ನಲ್ಲಿ ದಕ್ಷಿಣ ಆಫ್ರಿಕಾ ತಂಡ ಬಹಿಷ್ಕಾರ ಕಳೆದು ಭಾರತಕ್ಕೆ ಬಂತು. ತಮ್ಮ ದೇಶದಲ್ಲಿ ಪಂದ್ಯ ತೋರಿಸಲು ಎಷ್ಟು ಕೊಡಬೇಕು ಎಂದು ಅಲ್ಲಿನವರು ಕೇಳಿದಾಗ ಇಲ್ಲಿ ಬೆಲೆಪಟ್ಟಿಯೇ ಇರಲಿಲ್ಲ. ತಿಜೋರಿಯಲ್ಲಿ ಒಡವೆ ಇದೆಯೆಂದು ಮನೆಯವರಿಗೆ ಹೇಳಿದ್ದು ಹೊರಗಿನ ಗಿರಾಕಿ.

ಎರಡು ವರ್ಷದಲ್ಲಿ ಜಗಳ ಕೋರ್ಟು ಮುಟ್ಟಿತು. 1993ರ ಹೀರೋ ಕಪ್‌ಗಾಗಿ ಬಂಗಾಳ ಕ್ರಿಕೆಟ್ ಸಂಸ್ಥೆ ಟ್ರಾನ್ಸ್ ವರ್ಲ್ಡ್ ಇಂಟರ್‌ನ್ಯಾಷನಲ್ ಕಂಪನಿಯ ಜೊತೆ ಒಪ್ಪಂದ ಮಾಡಿಕೊಂಡಿತು. ಖಾತರಿ ಮೊತ್ತ 5.5 ಲಕ್ಷ ಡಾಲರ್. ದೂರದರ್ಶನ ಮುನಿಯಿತು. ಕಂಪನಿ ತಂದ ಉಪಕರಣಗಳನ್ನು ಮುಂಬೈನಲ್ಲಿ ಕಸ್ಟಮ್ಸ್‌ನವರು ತಡೆಹಿಡಿದರು. ಸಿಗ್ನಲ್ಲನ್ನು ಉಪಗ್ರಹಕ್ಕೆ ಏರಿಸುವ ಅನುಮತಿಯೂ ವಿವಾದಕ್ಕೆ ಸಿಕ್ಕಿತು. 1995ರ ಫೆಬ್ರವರಿ 9ರಂದು ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಪೀಠದಲ್ಲಿದ್ದವರು ನ್ಯಾಯಮೂರ್ತಿಗಳಾದ ಪಿ.ಬಿ. ಸಾವಂತ್, ಎಸ್. ಮೋಹನ್ ಮತ್ತು ಬಿ.ಪಿ. ಜೀವನ್ ರೆಡ್ಡಿ. ತರಂಗಗಳು ಸಾರ್ವಜನಿಕ ಆಸ್ತಿ. ಅವು ಸರ್ಕಾರದ ಸ್ವಂತದ್ದಲ್ಲ, ವ್ಯಾಪಾರಿಯ ಸ್ವಂತದ್ದೂ ಅಲ್ಲ. ಅವುಗಳ ನಿಯಂತ್ರಣಕ್ಕೆ ಸ್ವಾಯತ್ತ ಪ್ರಾಧಿಕಾರ ಬೇಕು ಎಂಬುದು ಅದರ ತಿರುಳು. ಸರ್ಕಾರದ ಏಕಸ್ವಾಮ್ಯದ ಬೇಲಿ ಕಿತ್ತುಹೋಯಿತು. ತೆರವಾದ ಜಾಗದಲ್ಲಿ ಮಂಡಳಿಗಳು ತಮ್ಮದನ್ನು ನೆಟ್ಟವು.

4. ಅದೇ ವರ್ಷ, ರಗ್ಬಿಯಲ್ಲಿ

ರಗ್ಬಿಗೂ ಭಾರತಕ್ಕೂ ಹಣದ ನಂಟು ಹಳೆಯದು. ಕಲ್ಕತ್ತದ ರಗ್ಬಿ ಕ್ಲಬ್ಬು 1878ರಲ್ಲಿ ಮುಚ್ಚಿದಾಗ ಬ್ಯಾಂಕಿನಲ್ಲಿದ್ದ ಬೆಳ್ಳಿ ರೂಪಾಯಿಗಳನ್ನು ಕರಗಿಸಿ ಒಂದು ಬಟ್ಟಲು ಮಾಡಿಸಿತು. ಅದೇ ಕಲ್ಕತ್ತ ಕಪ್. ಇಂಗ್ಲೆಂಡ್ ಮತ್ತು ಸ್ಕಾಟ್ಲೆಂಡ್ ಇಂದಿಗೂ ಅದಕ್ಕಾಗಿ ಸೆಣಸುತ್ತವೆ. ರೂಪಾಯಿಯಿಂದ ಮಾಡಿದ ಬಟ್ಟಲನ್ನು ಗೆಲ್ಲಬಹುದಿತ್ತು, ಆದರೆ ಆಡಿದ್ದಕ್ಕೆ ರೂಪಾಯಿ ಪಡೆಯುವಂತಿರಲಿಲ್ಲ. ರಗ್ಬಿ ಯೂನಿಯನ್ ನೂರು ವರ್ಷಕ್ಕೂ ಮಿಕ್ಕಿ ಹವ್ಯಾಸಿ ಆಟವಾಗಿಯೇ ಉಳಿದಿತ್ತು.

ಅದನ್ನು ಮುರಿದದ್ದು ಪ್ರಸಾರದ ಕರಾರು. 1995ರ ಜೂನ್ 24ರಂದು ಜೋಹಾನ್ಸ್‌ಬರ್ಗ್‌ನ ಎಲ್ಲಿಸ್ ಪಾರ್ಕ್‌ನಲ್ಲಿ ದಕ್ಷಿಣ ಆಫ್ರಿಕಾ 15-12ರಿಂದ ನ್ಯೂಜಿಲೆಂಡನ್ನು ಸೋಲಿಸಿ ವಿಶ್ವಕಪ್ ಎತ್ತಿತು. ಅದರ ಹಿಂದಿನ ದಿನವೇ ದಕ್ಷಿಣ ಆಫ್ರಿಕಾ, ನ್ಯೂಜಿಲೆಂಡ್ ಮತ್ತು ಆಸ್ಟ್ರೇಲಿಯದ ಸಂಸ್ಥೆಗಳು ತಮ್ಮ ಕರಾರನ್ನು ಪ್ರಕಟಿಸಿದ್ದವು: ರೂಪರ್ಟ್ ಮರ್ಡಾಕ್‌ರ ನ್ಯೂಸ್ ಕಾರ್ಪೊರೇಷನ್‌ಗೆ ಹತ್ತು ವರ್ಷಗಳ ಹಕ್ಕು, ಬೆಲೆ 55.5 ಕೋಟಿ ಡಾಲರ್. ಆಗಸ್ಟ್ ತಿಂಗಳಲ್ಲಿ ಪ್ಯಾರಿಸಿನಲ್ಲಿ ಸೇರಿದ ಅಂತಾರಾಷ್ಟ್ರೀಯ ಮಂಡಳಿ ವೃತ್ತಿಪರತೆಗೆ ಬಾಗಿಲು ತೆರೆಯಿತು. ಮೊದಲು ಹಕ್ಕು ಮಾರಾಟವಾಯಿತು, ಆಮೇಲೆ ಆಟ ವೃತ್ತಿಯಾಯಿತು. ಈ ಹಿಂದುಮುಂದನ್ನು ಗಮನಿಸಬೇಕು: 1996ರಲ್ಲಿ ಶುರುವಾದ ಸೂಪರ್ 12 ಮತ್ತು ತ್ರಿರಾಷ್ಟ್ರ ಪಂದ್ಯಾವಳಿಗಳು ಆ ಕರಾರಿನ ಸರಕು ತುಂಬಿಕೊಡಲೆಂದೇ ರೂಪುಗೊಂಡವು.

ಮೂರು ದೇಶಗಳ ಪೈಕಿ ಯಾವುದೂ ಒಂಟಿಯಾಗಿ ದೊಡ್ಡ ಮಾರುಕಟ್ಟೆಯಲ್ಲ. ಆದರೆ ಗಡಿಯಾರ ಅವುಗಳ ಕಡೆಗಿತ್ತು. ಆಕ್ಲೆಂಡಿನ ಚಳಿಗಾಲದ ಸಂಜೆ 7 ಗಂಟೆಯೆಂದರೆ ಲಂಡನ್ನಿನಲ್ಲಿ ಬೆಳಿಗ್ಗೆ 8, ಮೈಸೂರಿನಲ್ಲಿ ಮಧ್ಯಾಹ್ನ 12.30. ಜೋಹಾನ್ಸ್‌ಬರ್ಗ್‌ನ ಪಂದ್ಯ ಅದಕ್ಕೂ ತಡವಾಗಿ ಶುರುವಾಗುತ್ತಿತ್ತು. ಶನಿವಾರವಿಡೀ ಒಂದಲ್ಲ ಒಂದು ಮೈದಾನದಿಂದ ಆಟ ಹರಿಯುತ್ತಿತ್ತು. ಚಂದಾ ವಾಹಿನಿಗೆ ಬೇಕಾದದ್ದು ಅದೇ.

ಇಂಗ್ಲೆಂಡ್ 1996ರಲ್ಲಿ ತನ್ನ ತವರಿನ ಪಂದ್ಯಗಳನ್ನು ಐದು ವರ್ಷಕ್ಕೆ 8.75 ಕೋಟಿ ಪೌಂಡ್‌ಗೆ ಬಿಸ್ಕೈಬಿ ಎಂಬ ಚಂದಾ ವಾಹಿನಿಗೆ ಒಂಟಿಯಾಗಿ ಮಾರಿದಾಗ ಐದು ರಾಷ್ಟ್ರಗಳ ಪಂದ್ಯಾವಳಿಯ ಉಳಿದ ನಾಲ್ವರು ಅದನ್ನು ಹೊರಹಾಕುವ ಬೆದರಿಕೆ ಒಡ್ಡಿದರು. ಎದುರಾಳಿ ಇಲ್ಲದೆ ಪಂದ್ಯವಿಲ್ಲ. ಹಾಗಿರುವಾಗ ಪಂದ್ಯದ ಹಕ್ಕು ಒಬ್ಬರದೇ ಹೇಗಾದೀತು? ಈ ಪ್ರಶ್ನೆಗೆ ಇಂದಿಗೂ ಹಣ ಹಂಚಿಕೆಯೇ ಉತ್ತರ.

5. ಬೆಂಗಳೂರಿನಲ್ಲಿ ಹುಟ್ಟಿದ ಮಾರಾಟಗಾರ

ಭಾರತ ಉಪಖಂಡದ ಕ್ರಿಕೆಟ್ ಹಕ್ಕನ್ನು ಜಗತ್ತಿಗೆ ಮಾರಿದವರು ನಮ್ಮವರೇ. ಬೆಂಗಳೂರಿನಲ್ಲಿ ಹುಟ್ಟಿ ಅಮೆರಿಕಕ್ಕೆ ಹೋಗಿ ಸಿಬಿಎಸ್ ವಾಹಿನಿಯಲ್ಲಿ ಕೆಲಸ ಮಾಡಿದ್ದ ಮಾರ್ಕ್ ಮಸ್ಕರೇನಸ್, ಕನೆಕ್ಟಿಕಟ್‌ನಲ್ಲಿ ವರ್ಲ್ಡ್‌ಟೆಲ್ ಎಂಬ ಕಂಪನಿ ಕಟ್ಟಿದರು. 1996ರ ವಿಶ್ವಕಪ್‌ನ ಟಿವಿ ಹಕ್ಕನ್ನು ಸುಮಾರು 1 ಕೋಟಿ ಡಾಲರ್ ಖಾತರಿ ಕೊಟ್ಟು ಕೊಂಡು, ದೇಶದೇಶಕ್ಕೆ ಬಿಡಿಯಾಗಿ ಮಾರಿದರು. ಸಗಟಿಗೆ ಕೊಂಡು ಚಿಲ್ಲರೆಗೆ ಮಾರುವ ಈ ಪದ್ಧತಿಯಲ್ಲಿ ಮಂಡಳಿಗೆ ಮೊದಲೇ ಹಣ ಖಚಿತ; ನಷ್ಟದ ಭಯ ಮಧ್ಯವರ್ತಿಯದು, ಲಾಭದ ಆಸೆಯೂ ಅವನದೇ.

ಮಾರ್ಚ್ 9ರಂದು ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ ನಡೆದ ಭಾರತ–ಪಾಕಿಸ್ತಾನ ಕ್ವಾರ್ಟರ್ ಫೈನಲ್ ಆ ಸರಕಿನಲ್ಲಿ ಬಹಳ ತೂಕದ್ದು. ಮೈಸೂರಿನ ಜಾವಗಲ್ ಶ್ರೀನಾಥ್, ಬೆಂಗಳೂರಿನ ವೆಂಕಟೇಶ್ ಪ್ರಸಾದ್ ಮತ್ತು ಅನಿಲ್ ಕುಂಬ್ಳೆ ಬೌಲಿಂಗ್ ಮಾಡಿದ ಆ ಪಂದ್ಯವನ್ನು ಭಾರತ 39 ರನ್‌ಗಳಿಂದ ಗೆದ್ದಿತು. ಆಟ, ಮೈದಾನ, ಬೌಲರ್‌ಗಳು, ಮಾರಾಟಗಾರ ಎಲ್ಲವೂ ಕರ್ನಾಟಕದ್ದೇ. ವ್ಯವಹಾರ ಮಾತ್ರ ಡಾಲರಿನಲ್ಲಿ. ಮಸ್ಕರೇನಸ್ 2002ರ ಜನವರಿಯಲ್ಲಿ ನಾಗಪುರದ ಬಳಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು.

6. ಹಕ್ಕನ್ನು ತುಂಡರಿಸುವ ಬಗೆ

ಹೊರದೇಶದ ಹಕ್ಕನ್ನು ಮಾರುವಾಗ ಅದನ್ನು ಹಲವು ಕಡೆಯಿಂದ ಕತ್ತರಿಸುತ್ತಾರೆ: ಯಾವ ದೇಶ, ಟಿವಿಯೋ ಮೊಬೈಲೋ, ನೇರಪ್ರಸಾರವೋ ಮುಖ್ಯಾಂಶಗಳೋ, ಎಷ್ಟು ವರ್ಷ, ಒಬ್ಬರಿಗೇ ಸೇರಿದ್ದೋ ಹಂಚಿಕೊಂಡದ್ದೋ. ಮೈದಾನದಲ್ಲಿ ಒಂದೇ ತಂಡ ಚಿತ್ರ ತೆಗೆದು ಎಲ್ಲರಿಗೂ ಕಳಿಸುತ್ತದೆ. ಕೊಂಡವರು ತಮ್ಮ ವಿವರಣೆಯನ್ನೋ ಜಾಹೀರಾತನ್ನೋ ಸೇರಿಸಿಕೊಳ್ಳುತ್ತಾರೆ. ಉಪಗ್ರಹಕ್ಕೆ ದೇಶದ ಗಡಿ ಗೊತ್ತಿಲ್ಲ. ಆದ್ದರಿಂದ ಸಿಗ್ನಲ್ಲಿಗೆ ಬೀಗ ಹಾಕಬೇಕು. ಅಂತರ್ಜಾಲದಲ್ಲಾದರೆ ನೋಡುಗ ಎಲ್ಲಿದ್ದಾನೆಂದು ನೋಡಿ ತಡೆಯಬೇಕು. ಬೀಗ ಸಡಿಲವಾದರೆ ಪಕ್ಕದ ದೇಶದ ಗಿರಾಕಿ ಬೆಲೆ ಇಳಿಸುತ್ತಾನೆ.

ಸರ್ಕಾರ ಈ ಬೇಲಿಯಲ್ಲಿ ಒಂದು ಕಿಂಡಿ ಉಳಿಸಿಕೊಂಡಿದೆ. 2007ರ ಕಾಯ್ದೆಯ ಪ್ರಕಾರ ರಾಷ್ಟ್ರೀಯ ಮಹತ್ವದ ಪಂದ್ಯಗಳ ಸಿಗ್ನಲ್ಲನ್ನು ಪ್ರಸಾರ ಭಾರತಿಗೆ ಕೊಡಲೇಬೇಕು. ಜಾಹೀರಾತಿನ ಆದಾಯದಲ್ಲಿ ಟಿವಿಗೆ 75:25, ಬಾನುಲಿಗೆ 50:50ರ ಪಾಲು. ಆ ಕಿಂಡಿಯೂ ಎಷ್ಟು ಅಗಲವಿರಬೇಕೆಂಬ ವಾದ ಸುಪ್ರೀಂ ಕೋರ್ಟಿನವರೆಗೆ ಹೋಗಿ, 2017ರಲ್ಲಿ ಖಾಸಗಿ ಕೇಬಲ್ ಜಾಲಗಳಿಗೆ ಅದು ಮುಚ್ಚಿತು.

ಬೆಲೆಯ ಹಂಚಿಕೆಯಲ್ಲಿ ಕ್ರಿಕೆಟ್ಟು ರಗ್ಬಿಯಿಂದ ದೂರ ಸರಿದಿದೆ. ಐಪಿಎಲ್‌ನ 2023–27ರ ಹಕ್ಕು ಒಟ್ಟು 48,390 ಕೋಟಿ ರೂಪಾಯಿಗೆ ಹೋಯಿತು; ಅದರಲ್ಲಿ ಹೊರದೇಶಗಳ ಕಟ್ಟಿಗೆ ಬಂದದ್ದು ಸುಮಾರು 1,058 ಕೋಟಿ, ಅಂದರೆ ನೂರಕ್ಕೆ ಎರಡು ಚಿಲ್ಲರೆ. ಮನೆಯೊಳಗಿನ ಮಾರುಕಟ್ಟೆಯೇ ಕಡಲಿನಷ್ಟಿರುವಾಗ ಹೊರಗಿನದು ಬಿಂದಿಗೆ. ಆದರೆ ಆ ಕಡಲಿಗೂ ಬೆಲೆಯಿದೆಯೆಂದು 1991ರಲ್ಲಿ ತೋರಿಸಿಕೊಟ್ಟದ್ದು ಇದೇ ಬಿಂದಿಗೆಯವರು.

7. ಉಪಸಂಹಾರ: ಮತ್ತೆ ಮೈಸೂರಿಗೆ

ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದಾಗ, 2009ರಲ್ಲಿ, ಕರ್ನಾಟಕ ಪ್ರೀಮಿಯರ್ ಲೀಗ್ ಶುರುವಾಯಿತು. 2019ರಲ್ಲಿ ಪಂದ್ಯ ಮೋಸದ ಆರೋಪಗಳ ತನಿಖೆ ನಡೆದು ಅದು ನಿಂತಿತು. 2022ರಲ್ಲಿ ಮಹಾರಾಜ ಟ್ರೋಫಿ ಎಂಬ ಹೆಸರಿನಲ್ಲಿ ರಾಜ್ಯದ ಟಿ20 ಮತ್ತೆ ಹುಟ್ಟಿ, ಮೊದಲ ಸುತ್ತು ಒಡೆಯರ್ ಹೆಸರಿನ ಮೈಸೂರಿನ ಮೈದಾನದಲ್ಲೇ ನಡೆಯಿತು. 2025ರ ಜೂನ್‌ನ ಬೆಂಗಳೂರು ಕಾಲ್ತುಳಿತದ ನಂತರ ಆ ವರ್ಷದ ಪಂದ್ಯಾವಳಿ ಪೂರ್ತಿಯಾಗಿ ಮೈಸೂರಿಗೆ ಬಂತು. ಅದೇ ಜೂನ್‌ನಲ್ಲಿ ಮುಂಬೈನಲ್ಲಿ ಮೊದಲ ರಗ್ಬಿ ಪ್ರೀಮಿಯರ್ ಲೀಗ್ ನಡೆದು, ಆರು ತಂಡಗಳಲ್ಲಿ ಒಂದು ಬೆಂಗಳೂರು ಬ್ರೇವ್‌ಹಾರ್ಟ್ಸ್ ಆಗಿತ್ತು. ಎರಡೂ ಆಟಗಳು ಇಲ್ಲಿ ಒಂದೇ ಸಂತೆಗೆ ಬಂದಿವೆ.

ಒಂದು ಕೊರತೆ ಇಲ್ಲಿ ಕಾಣುತ್ತದೆ. ಈ ಹಕ್ಕುಗಳನ್ನೆಲ್ಲ ಕತ್ತರಿಸುವುದು ಮುಖ್ಯವಾಗಿ ದೇಶದ ಗಡಿಗುಂಟ. 2018ರಿಂದ ಐಪಿಎಲ್‌ಗೆ ಕನ್ನಡದ ವೀಕ್ಷಕ ವಿವರಣೆ ಇದೆ, ಕನ್ನಡದ ಕ್ರೀಡಾ ವಾಹಿನಿಯೂ ಬಂದಿದೆ. ಆದರೆ ಹೊರದೇಶದಲ್ಲಿ ಅದು ಕಿವಿಗೆ ಬೀಳುವುದು ಅಲ್ಲಿನ ಹಕ್ಕನ್ನು ಕೊಂಡವನು ಮನಸ್ಸು ಮಾಡಿದರೆ ಮಾತ್ರ. ಅವನು ಕೊಂಡದ್ದು ಒಂದು ದೇಶವನ್ನು. ಅಲ್ಲಿರುವ ಕನ್ನಡದ ಮನೆಗಳು ಅವನ ಲೆಕ್ಕದಲ್ಲಿ ಬೇರೆಯಾಗಿ ಕಾಣುವುದಿಲ್ಲ. ವಿಠಲ ವಿಹಾರದ ಪ್ರೇಷಕಕ್ಕೆ ಬೇಲಿ ಇರಲಿಲ್ಲ, ಶಕ್ತಿ ಇರಲಿಲ್ಲ. ಇಂದು ಶಕ್ತಿಯಿದೆ, ಬೇಲಿಯೂ ಇದೆ. ರಾಜ್ಯದ ಪಂದ್ಯಾವಳಿಯ ಕನ್ನಡ ಪ್ರಸಾರವನ್ನು ಯಾವ ದೇಶಕ್ಕೂ ಕಟ್ಟದೆ ಭಾಷೆಯ ಲೆಕ್ಕದಲ್ಲಿ ಪ್ರತ್ಯೇಕ ಕಟ್ಟಾಗಿ ಇಟ್ಟುಕೊಳ್ಳಲು ಯಾವ ಕಾನೂನೂ ಅಡ್ಡಬರುವುದಿಲ್ಲ. ಕರಾರಿನಲ್ಲಿ ಒಂದು ಕಲಮು ಸಾಕು. ಬೇಲಿ ಹಾಕಿದವರಿಗೆ ಅದರಲ್ಲೊಂದು ದಿಡ್ಡಿ ಬಾಗಿಲು ಇಡುವುದು ಕಷ್ಟವಲ್ಲ.